ಹದಿನಾಲ್ಕರಲ್ಲಿ ನಿಲ್ಲದ ಮುಳ್ಳು

“ಕಾಲು ತೆಗಿ, ಕಾಲು ತೆಗಿ ಮಾರಾಯ,” ಎಂದ ಸಮದ್. ಗಾಳಿಯ ಒತ್ತಡ ತೋರಿಸುವ ಗೇಜಿನ ಮುಳ್ಳು ಇಪ್ಪತ್ತೆರಡು ದಾಟಿತ್ತು.

ಅಶ್ವಿತ್ ಆಕ್ಸಿಲರೇಟರ್ ಬಿಟ್ಟ. ಕಾರು ಸುರತ್ಕಲ್ ಹೆದ್ದಾರಿಯ ಅಂಚಿಗೆ ಬಂದು ನಿಂತಿತು. ಒಂದೇ ತಿಂಗಳಲ್ಲಿ ಮುಳ್ಳು ಹೀಗೆ ಏರಿದ್ದು ಇದು ಮೂರನೇ ಸಲ.

“ಅಪ್ಪನಾಣೆ ಕಾಕ, ನಾನು ಆ ನಾಬ್ ಮುಟ್ಟಲಿಲ್ಲ.”

“ನೀನು ಮುಟ್ಟಲಿಲ್ಲ, ನಾನು ಮುಟ್ಟಲಿಲ್ಲ. ಮತ್ತೆ ಅದಕ್ಕೇ ಕೈ ಉಂಟಾ, ತಾನಾಗಿ ತಿರುಗ್ಲಿಕ್ಕೆ?”

ವಿಷಯ ಇಷ್ಟೇ. ಅಶ್ವಿತ್ ಎರಡು ವರ್ಷದ ಹಿಂದೆ ಹುಚ್ಚು ಹಿಡಿದವನಂತೆ ತನ್ನ ಕಾರಿಗೆ ದೊಡ್ಡ ಟರ್ಬೊ ಹಾಕಿಸಿದ್ದ. ಟರ್ಬೊ ಎಂದರೆ ಎಂಜಿನ್ನಿನ ಬಾಯಿಗೆ ಗಾಳಿ ತುರುಕುವ ಯಂತ್ರ. ಎಷ್ಟು ತುರುಕಬೇಕು ಎಂಬುದು ಬಾನೆಟ್ಟಿನ ಕೆಳಗಿರುವ ಒಂದು ಹಿತ್ತಾಳೆ ನಾಬ್‌ನ ಕೈಯಲ್ಲಿದೆ. ಎಡಕ್ಕೆ ತಿರುಗಿಸಿದರೆ ಒತ್ತಡ ಇಳಿಯುತ್ತದೆ, ಬಲಕ್ಕೆ ತಿರುಗಿಸಿದರೆ ಏರುತ್ತದೆ. ಆ ಎಂಜಿನ್ ತಾಳಿಕೊಳ್ಳುವುದು ಹದಿನಾಲ್ಕು ಪೌಂಡ್ ಒತ್ತಡ ಮಾತ್ರ. ಇಪ್ಪತ್ತೆರಡಕ್ಕೆ ಏರಿದರೆ ಒಂದಲ್ಲ ಒಂದು ದಿನ ಪಿಸ್ಟನ್ ಒಡೆದು, ಎಣ್ಣೆ ರಸ್ತೆಗೆ ಚೆಲ್ಲಿ, ಅದರ ಮೇಲೆಯೇ ಕಾರು ಜಾರುತ್ತದೆ. ಕಾಟಿಪಳ್ಳದಲ್ಲಿ ಇಪ್ಪತ್ತು ವರ್ಷದಿಂದ ಗ್ಯಾರೇಜ್ ಇಟ್ಟಿರುವ ಸಮದ್ ಅಂಥದ್ದನ್ನು ಕಣ್ಣಾರೆ ಕಂಡವನು. ನಿಧಾನ ಓಡಿಸುವಾಗ ಏನೂ ತಿಳಿಯುವುದಿಲ್ಲ. ಜೋರಾಗಿ ಒತ್ತಿದ ಗಳಿಗೆಯಲ್ಲಿ ಮಾತ್ರ ಮುಳ್ಳು ಎದ್ದು ನಿಲ್ಲುತ್ತದೆ.

ಸಂಚಿತಾಳ ಜೊತೆ ನಿಶ್ಚಿತಾರ್ಥವಾದ ಮೇಲೆ ಅಶ್ವಿತ್ ಇನ್ನು ವೇಗದ ಸಹವಾಸವೇ ಬೇಡವೆಂದು ಅವಳಿಗೆ ಮಾತು ಕೊಟ್ಟಿದ್ದ. ತಾನಾಗಿಯೇ ಗ್ಯಾರೇಜಿಗೆ ಬಂದು ಒತ್ತಡವನ್ನು ಹದಿನಾಲ್ಕಕ್ಕೆ ಇಳಿಸಿಕೊಂಡು ಹೋಗಿದ್ದ. “ಈ ನಾಬ್ ನೀನು ಮುಟ್ಟಬಾರದು. ಹೆಚ್ಚು ಕಮ್ಮಿ ಆದ್ರೆ ಇಲ್ಲಿಗೆ ತಾ,” ಎಂದಿದ್ದ ಸಮದ್.

ಆ ದಿನ ಅಶ್ವಿತ್‌ನ ತಂದೆ ನಿತ್ಯಾನಂದರೂ ಜೊತೆಗೆ ಬಂದಿದ್ದರು. ಬಂದರಿನಲ್ಲಿ ಹೋಟೆಲ್ ನಡೆಸುವವರು. ಒಬ್ಬನೇ ಮಗ. ಟರ್ಬೊ ಹಾಕಿಸಿದಂದಿನಿಂದ ಅವರಿಗೆ ಸರಿಯಾಗಿ ನಿದ್ದೆ ಇಲ್ಲ. ಅಶ್ವಿತ್ ಚಾ ಕುಡಿಯಲು ಹೋದಾಗ ಅವರು ಬಾನೆಟ್ಟಿನ ಹತ್ತಿರ ಬಂದರು.

“ಯಾವುದು ಸಮದ್ ಅದು?”

ಸಮದ್ ತೋರಿಸಿದ. “ಎಲ್ಲ ಪೋಕ್ರಿತನ ಇದರಲ್ಲೇ ಉಂಟು, ನಿತ್ಯಣ್ಣ.”

ನಿತ್ಯಾನಂದರು ಕನ್ನಡಕ ಸರಿಮಾಡಿಕೊಂಡು ಬಹಳ ಹೊತ್ತು ನೋಡಿದರು. “ಅವನ ಮಾತು ನಂಬ್ಲಿಕ್ಕಾಗುದಿಲ್ಲ. ಇನ್ನು ನಾನೇ ನೋಡಿಕೊಳ್ತೇನೆ,” ಎಂದರು.

ಹತ್ತೇ ದಿನಕ್ಕೆ ಮುಳ್ಳು ಇಪ್ಪತ್ತೆರಡಕ್ಕೆ ಏರಿತ್ತು. ಸಮದ್ ಇಳಿಸಿಕೊಟ್ಟ. ಮತ್ತೆ ಏರಿತು. ತಪ್ಪು ಮಾಡಿದವನೇ ಕಾರು ತಂದು ತೋರಿಸುತ್ತಾನೆಯೇ ಎಂದು ಯಾರಾದರೂ ಕೇಳಿದ್ದರೆ ಸಮದನ ಬಳಿ ಉತ್ತರವಿತ್ತು. ಎರಡು ದಿನ ಮಜಾ ಮಾಡುತ್ತಾನೆ, ಎಂಜಿನ್ ಬಡಿದುಕೊಳ್ಳತೊಡಗಿದ ಕೂಡಲೇ ಹೆದರಿ ಓಡಿ ಬರುತ್ತಾನೆ. ಇಂಥ ಹುಡುಗರನ್ನು ಅವನು ಎಷ್ಟು ಕಂಡಿಲ್ಲ!

ಮೂರನೇ ಸಲದ ಹೊತ್ತಿಗೆ ಸಂಚಿತಾಳಿಗೂ ಗೊತ್ತಾಗಿ ಹೋಗಿತ್ತು. ಕೊಟ್ಟಾರದ ಹತ್ತಿರ ಅಶ್ವಿತ್ ಬಸ್ಸೊಂದನ್ನು ಹಿಂದೆ ಹಾಕುವಾಗ ಪಕ್ಕದಲ್ಲಿದ್ದ ಅವಳು ಗೇಜ್ ನೋಡಿದಳು. ಮುಂದಿನ ಸ್ಟಾಪಿನಲ್ಲಿ ಇಳಿದು ಸಿಟಿ ಬಸ್ ಹತ್ತಿ ಹೋದಳು. ಆಮೇಲೆ ಫೋನ್ ತೆಗೆದಿಲ್ಲ.

ಹೆದ್ದಾರಿಯಿಂದ ಗ್ಯಾರೇಜಿಗೆ ಮರಳಿದ ಮೇಲೆ ಅಶ್ವಿತ್ ಹಳೇ ಟಯರಿನ ಮೇಲೆ ಕುಸಿದು ಕುಳಿತ. “ಯಾರೂ ನಂಬುದಿಲ್ಲ ಕಾಕ. ಕೆಲವು ಸಲ ನನಗೇ ಡೌಟ್ ಬರ್ತದೆ, ನಿದ್ದೆಯಲ್ಲಿ ಎದ್ದು ಹೋಗಿ ತಿರುಗಿಸ್ತೇನಾ ಅಂತ.”

ಸಮದನಿಗೆ ಪಾಪ ಅನಿಸಿತು. ಅದಕ್ಕಿಂತ ಹೆಚ್ಚು ಸಿಟ್ಟು ಬಂತು. ನಾಬನ್ನು ಎಡಕ್ಕೆ ತಿರುಗಿಸಿ ಹದಿನಾಲ್ಕಕ್ಕೆ ತಂದ. “ಇದು ಕೊನೆ. ಇನ್ನೊಮ್ಮೆ ಏರಿದ್ರೆ ನನ್ನ ಹತ್ರ ತರಬೇಡ. ನಿನ್ನ ಸಾವಿಗೆ ನಾನು ಜವಾಬ್ದಾರಿ ಅಲ್ಲ.”

ಸಂಜೆ ನಿತ್ಯಾನಂದರಿಗೂ ಫೋನ್ ಮಾಡಿದ. “ನಿಮ್ಮ ಮಗ ಸುಳ್ಳು ಹೇಳ್ತಾನೆ ನಿತ್ಯಣ್ಣ.”

ಆ ಕಡೆ ಹೋಟೆಲಿನ ಪಾತ್ರೆಗಳ ಸದ್ದು. ಅದರ ನಡುವೆ ಅವರ ಸ್ವರ ಬಂತು. “ನನಗೂ ಗೊತ್ತುಂಟು. ಹೇಳಿದ್ರೆ ಜಗಳ ಆಗ್ತದೆ. ಇನ್ನೂ ಜಾಗ್ರತೆ ಮಾಡ್ತೇನೆ.”

ಸೋಮವಾರ ಮಧ್ಯಾಹ್ನ ಅಶ್ವಿತ್ ಫೋನ್ ಮಾಡಿದ. “ಕಾಕ, ಪುನಃ ಏರಿದೆ. ನಿಧಾನ ಓಡಿಸಿಕೊಂಡು ಬರ್ತೇನೆ. ಆ ನಾಬನ್ನೇ ತೆಗೆದು ಬಿಸಾಡಿ.”

“ಬರಬೇಡ ಅಂದೆನಲ್ಲ,” ಎಂದು ಸಮದ್ ಫೋನ್ ಇಟ್ಟ.

ಆದರೂ ಅಶ್ವಿತ್ ಹೊರಟಿದ್ದ. ನಿಧಾನವಾಗಿಯೇ ಬರುತ್ತಿದ್ದನಂತೆ. ಸುರತ್ಕಲ್ ಸಮೀಪಿಸುವಾಗ ಹಿಂದಿನಿಂದ ಟ್ಯಾಂಕರೊಂದು ಹಾರ್ನ್ ಹೊಡೆಯುತ್ತಾ ಮೈಮೇಲೆ ಬಂತು. ತಪ್ಪಿಸಿಕೊಳ್ಳಲು ಅಶ್ವಿತ್ ಒಮ್ಮೆ, ಒಂದೇ ಒಂದು ಸಲ, ಜೋರಾಗಿ ಒತ್ತಿದ. ಎಂಜಿನ್ ಒಡೆಯಿತು. ಕಾರು ಡಿವೈಡರ್ ಹತ್ತಿ ಮಗುಚಿತು.

ಮೂರನೇ ದಿನವೂ ಅವನಿಗೆ ಪ್ರಜ್ಞೆ ಬಂದಿರಲಿಲ್ಲ. ಡಾಕ್ಟರುಗಳು ಯಾವ ಭರವಸೆಯನ್ನೂ ಕೊಡಲಿಲ್ಲ. ಸಮದ್ ಆಸ್ಪತ್ರೆಗೆ ಹೋದಾಗ ನಿತ್ಯಾನಂದರು ಐಸಿಯು ಹೊರಗಿನ ಬೆಂಚಿನ ತುದಿಯಲ್ಲಿ ಕುಳಿತಿದ್ದರು. ಶರಟಿನ ಗುಂಡಿ ಮೇಲೆ ಕೆಳಗೆ ಹಾಕಿಕೊಂಡಿದ್ದರು. ಸಮದ್ ಪಕ್ಕದಲ್ಲಿ ಕುಳಿತ.

“ನಾನು ಫೋನ್ ಇಡಬಾರದಿತ್ತು ನಿತ್ಯಣ್ಣ.”

“ನಿನ್ನ ತಪ್ಪಲ್ಲ.” ಅವರು ಸಮದನ ಕೈ ಹಿಡಿದುಕೊಂಡರು. “ನಾನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದೆ. ಆದರೂ ಈ ತಿಂಗಳಲ್ಲಿ ಮೂರು ಸಲ ಅವನು ಅದನ್ನು ಸಡಿಲ ಮಾಡಿ ಇಟ್ಟಿದ್ದ. ಸೋಮವಾರ ಯಾವಾಗ ಮಾಡಿದನೋ, ಗೊತ್ತೇ ಆಗ್ಲಿಲ್ಲ.”

“ಎಂತದ್ದು ಸಡಿಲ?”

ನಿತ್ಯಾನಂದರು ಹೆಬ್ಬೆರಳು, ತೋರುಬೆರಳು ಸೇರಿಸಿ ಗಾಳಿಯಲ್ಲಿ ಮೆಲ್ಲಗೆ ಬಲಕ್ಕೆ ತಿರುಗಿಸಿ ತೋರಿಸಿದರು. “ಆ ನಾಬ್. ದಿನಾ ಬೆಳಿಗ್ಗೆ ಅವನು ಏಳುವ ಮೊದಲೇ, ಗ್ಯಾಸ್ ಸಿಲಿಂಡರ್ ಬಂದ್ ಮಾಡುವ ಹಾಗೆ, ಇಷ್ಟೂ ಬಿಗಿಯಾಗಿ ನಾನೇ ಬಂದ್ ಮಾಡಿ ಹೋಗ್ತಿದ್ದೆ.”