ಗೌಡರ ಚೂರಿಯ ಒರೆ

ಹೆಬ್ಬಾಳದ ಅಂಗಡಿಯಲ್ಲಿ ಮೊಮ್ಮಗ ಹೊಸ ಬೆಲ್ಟು ಹಾಕಿ ನೋಡುತ್ತಿದ್ದಾನೆ. ಆ ತೊಗಲಿನ ವಾಸನೆಗೆ ನಾನು ಎದ್ದು ಬಾಗಿಲ ಬಳಿ ಬಂದು ನಿಲ್ಲುತ್ತೇನೆ.

ನಾನು ಚಿಕ್ಕವಳಿದ್ದಾಗ ರಾಜಾನುಕುಂಟೆಯಲ್ಲಿ ಅಪ್ಪ, ಗೌಡರು ದ್ರಾಕ್ಷಿ ತೋಟಕ್ಕೆ ಒಯ್ಯುವ ಚೂರಿಗೆ ಒರೆ ಹೊಲಿಯುತ್ತಿದ್ದ. ಬೆಲ್ಟು ತೂರಿಸಲು ಅದರ ಬೆನ್ನಿಗೆ ನೆಟ್ಟಗೂ ಅಡ್ಡಕ್ಕೂ ಕುಣಿಕೆ ಇಟ್ಟಿದ್ದ.

“ಇಷ್ಟೊಂದ್ಯಾಕಪ್ಪ?” ಅಂದೆ.

“ಅವರ ಸೊಂಟ ಮುಟ್ಟಿ ಅಳತೆ ತಗಳ್ಳಂಗಿಲ್ಲ ಕಣವ್ವ. ಎಂಗ್ ಬೇಕಾದ್ರೂ ಕಟ್ಕೊಳ್ಳಲಿ.”

ಮಧ್ಯಾಹ್ನ ಗೌಡರ ಅಂಗಳದಲ್ಲಿ ಅಪ್ಪ ಒರೆಯನ್ನು ನೆಲಕ್ಕಿಟ್ಟು ದೂರ ಸರಿದ. ಮೈಲಿಗೆ ಕಳೆಯಲೆಂದು ಗೌಡರ ತಾಯಿ ಅದರ ಮೇಲೆ ಚೊಂಬಿನ ನೀರು ಸುರಿದರು. ಗೌಡರು ಅದನ್ನೆತ್ತಿ ಎಡಕ್ಕೆ, ಬಲಕ್ಕೆ, ಬೆನ್ನಿಗೆ ಕಟ್ಟಿ ನೋಡಿದರು. ಎಲ್ಲೂ ಸರಿಯಾಗಿ ಕೂತಿತು. ಆಮೇಲೆ ಹುಬ್ಬು ಗಂಟಿಕ್ಕಿದರು.

“ಹೊಸ ತೊಗಲಿಗೆ ಕಲೆ ಯಾಕ್ಲಾ ಬಿತ್ತು?”

ಅಪ್ಪ ಕೈಮುಗಿದ. “ತಪ್ಪಾಯ್ತು, ಬುದ್ಧಿ.”