ಗೌರಿ ಮೆತ್ತಗೆ ಮಾಡಿದ ಕೌದಿ

ಬೇವಿನೆಲೆಯ ವಾಸನೆ ಬಂದರೆ ನನಗೆ ಈಗಲೂ ತಾಂಬಾ ಊರಿನ ನಮ್ಮ ಮನೆಯ ಟ್ರಂಕು ನೆನಪಾಗುತ್ತದೆ.

ಹೆರಿಗೆಗೆಂದು ತವರಿಗೆ ಬಂದಿದ್ದ ಅಕ್ಕನ ಕೂಸು ಉಳಿಯಲಿಲ್ಲ. ಅವಳು ಉಣ್ಣುವುದನ್ನೇ ಬಿಟ್ಟಿದ್ದಳು. ಕೂಸಿಗೆಂದು ಅವ್ವ ಹಳೆಯ ಸೀರೆಗಳನ್ನು ಜೋಡಿಸಿ ಹೊಲಿದಿದ್ದ ಕೌದಿ, ಬೇವಿನೆಲೆಯ ನಡುವೆ ಟ್ರಂಕಿನಲ್ಲಿತ್ತು. ಒಂದು ಮಧ್ಯಾಹ್ನ ನಾನು ಟ್ರಂಕು ತೆರೆದವಳು ಮುಚ್ಚಲು ಮರೆತೆ. ನಮ್ಮ ಬಸುರಿ ಬೆಕ್ಕು ಗೌರಿ ಒಳಗಿಳಿದು, ಹಿಟ್ಟು ನಾದಿದಂತೆ ಮುಂಗಾಲಿನಿಂದ ಕೌದಿಯನ್ನು ಒತ್ತಿ ಒತ್ತಿ ಮೆತ್ತಗೆ ಮಾಡಿಕೊಂಡು, ಅದರ ಮೇಲೆಯೇ ಮೂರು ಮರಿ ಹಾಕಿತು.

"ನಿನಗ ಇದ ಕೌದಿ ಬೇಕಾಗಿತ್ತೇನ?" ಎಂದು ಅವ್ವ ಕಸಬರಿಗೆ ಎತ್ತಿದಳು.

ಅಕ್ಕ ಅವಳ ಕೈ ಹಿಡಿದಳು. "ಬಾಣಂತಿನ ಹೊಡೀತಾರೇನಬೇ? ಹಸದಿರ್ತೈತಿ ಅದು."

ತನಗೆಂದು ಮಾಡಿಟ್ಟಿದ್ದ ರವೆ-ಬೆಲ್ಲದ ಸಜ್ಜಕದಲ್ಲಿ ಅರ್ಧ ಗೌರಿಗೆ ಹಾಕಿದಳು. ಉಳಿದದ್ದನ್ನು ಅದರ ಪಕ್ಕದಲ್ಲೇ ಕುಳಿತು ತಾನು ತಿಂದಳು. ಅವ್ವ ಕಸಬರಿಗೆ ಕೆಳಗಿಟ್ಟು, ದೇವರ ಜಗುಲಿಯತ್ತ ತಿರುಗಿ ಕೈ ಮುಗಿದಳು.