ಬೊಟ್ಟಿಲ್ಲದ ಕೋಟು

ರಾಧಾಬಾಯಿ ಕುಂಕುಮದ ಬಟ್ಟಲು ಹಿಡಿದು ನಿಂತಿದ್ದರು. ಸೊಸೆ ಮುಕ್ತಾ ಕೋಟನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡಿದ್ದಳು. ಆಫೀಸಿನ ಕೆಲಸಕ್ಕೆಂದು ಮಿಲಾನಿಗೆ ಹೋದವಳು ಕೊನೆಯ ದಿನ ದೊಡ್ಡ ಅಂಗಡಿಯೊಂದಕ್ಕೆ ನುಗ್ಗಿ, ಬೆಲೆ ಕೇಳಿ ಎದೆ ಧಸಕ್ಕೆಂದರೂ ಬಿಡದೆ ತಂದ ಕೆನೆಬಣ್ಣದ ಕೋಟು ಅದು. ಹೊಸ ಬಟ್ಟೆ ಯಾವುದೇ ಬರಲಿ, ಅಂಚಿನ ಒಳಗೆ ಕುಂಕುಮದ ಬೊಟ್ಟು ಹಚ್ಚದೆ ಮೈಮೇಲೆ ಹಾಕುವ ಮಾತು ಆ ಮನೆಯಲ್ಲಿ ಇಲ್ಲ. ಧಾರವಾಡ ಬಿಟ್ಟು ಪುಣೆಗೆ ಬಂದು ಇಪ್ಪತ್ತು ವರ್ಷವಾದರೂ ರಾಧಾಬಾಯಿ ಕರವಸ್ತ್ರವನ್ನೂ ಬಿಟ್ಟವರಲ್ಲ.

"ಇದಕ್ಕ ಬ್ಯಾಡ್ರಿ ಅತ್ತಿ, ಕುಂಕುಮದ ಕಲೆ ಹೋಗೂದಿಲ್ಲ," ಎಂದಳು ಮುಕ್ತಾ.

"ಬೊಟ್ಟಿಲ್ಲದ ಅರಿವಿ ನಾವು ಹಾಕ್ಕೊಳ್ಳೂಕಿಂತ ಮೊದಲ ಬ್ಯಾರೆ ಯಾರರ ಹಾಕ್ಕೋತಾರ," ಎಂದರು ರಾಧಾಬಾಯಿ. ಮುಚ್ಚದಿದ್ದರೆ ಹಾಲಿಗೆ ನೊಣ ಬೀಳುತ್ತದೆ ಎನ್ನುವಷ್ಟೇ ಸಾದಾ ದನಿಯಲ್ಲಿ ಅಂದರು, ಅಂದು ಹೊರಟುಹೋದರು.

ಮುಕ್ತಾಳಿಗೆ ನಗು ಬಂತು. ಕೋಟನ್ನು ಪ್ಲಾಸ್ಟಿಕ್ ಚೀಲದ ಸಮೇತ ಕಪಾಟಿನಲ್ಲಿ ತೂಗುಹಾಕಿ, ಕೀಲಿ ಹಾಕಿ, ಕೀಲಿಕೈಯನ್ನು ಪರ್ಸಿಗೆ ಸೇರಿಸಿದಳು. ಗಂಡ ಮಾರ್ತಾಂಡ ಊರಲ್ಲಿರಲಿಲ್ಲ, ಆ ಕಪಾಟು ಮುಟ್ಟುವವರು ಯಾರೂ ಇಲ್ಲ. ದಿನಾ ಅವಳದು ಅದೇ ಬೂದು ಕುರ್ತಾ, ಸ್ಕೂಟರಿನ ಧೂಳಿಗೆಂದು ಮುಖಕ್ಕೆ ಸುತ್ತಿದ ಸ್ಕಾರ್ಫು. ಕಣ್ಣೆರಡು ಬಿಟ್ಟರೆ ಅವಳು ಯಾರೆಂದು ಪಕ್ಕದವರಿಗೂ ಗೊತ್ತಾಗುತ್ತಿರಲಿಲ್ಲ. ಶನಿವಾರ ಅವಳ ಬಡ್ತಿಯ ಪಾರ್ಟಿ. ಅಂದು ಒಂದು ದಿನವಾದರೂ ಜನ ತಿರುಗಿ ನೋಡಬೇಕು, ನೋಡಿ ಇವಳೇ ಮುಕ್ತಾ ಅನ್ನಬೇಕು. ಪಾಪ, ಅವಳ ಆಸೆ ಅಷ್ಟೇ.

ಬುಧವಾರ ಅಪಾರ್ಟ್‌ಮೆಂಟಿನ ವಾಚ್‌ಮನ್, ಮೇಡಂಗೆ ಬಿಳಿ ಕೋಟು ಚೆನ್ನಾಗಿ ಒಪ್ಪುತ್ತದೆ ಎಂದು ಮರಾಠಿಯಲ್ಲಿ ಹೊಗಳಿದ. ಬೇರೆ ಯಾರನ್ನೋ ನೋಡಿರಬೇಕೆಂದು ಮುಕ್ತಾ ಸ್ಕೂಟರು ಹತ್ತಿದಳು. ಗುರುವಾರ ಸಂಜೆ ಮೂರನೇ ಮಹಡಿಯ ನೀರಜಾ ತಡೆದು ನಿಲ್ಲಿಸಿದಳು. ನಿನ್ನೆ ಮಧ್ಯಾಹ್ನ ಲಿಫ್ಟಿನಲ್ಲಿ ಹೊಸ ಕೋಟು ಹಾಕಿಕೊಂಡು ಪಕ್ಕದಲ್ಲೇ ನಿಂತಿದ್ದರೂ ಒಂದು ಮಾತಾಡಲಿಲ್ಲವಲ್ಲ, ಬಡ್ತಿ ಸಿಕ್ಕಿತೆಂದು ಇಷ್ಟು ಸೊಕ್ಕೇ ಎಂದು ಛೇಡಿಸಿದಳು. ನಿನ್ನೆ ಮಧ್ಯಾಹ್ನ ಮುಕ್ತಾ ಆಫೀಸಿನಲ್ಲಿ, ಹನ್ನೆರಡು ಜನರ ಎದುರು ಮೀಟಿಂಗಿನಲ್ಲಿದ್ದಳು.

ಮನೆಗೆ ಓಡಿಬಂದು ಕಪಾಟು ತೆಗೆದಳು. ಕೀಲಿ ಹಾಕಿದ್ದು ಹಾಕಿದಂತೆಯೇ ಇತ್ತು. ಪ್ಲಾಸ್ಟಿಕ್ ಚೀಲ ಹಾಗೇ ಇತ್ತು, ಬೆಲೆಯ ಚೀಟಿಯೂ ತೂಗಾಡುತ್ತಿತ್ತು. ಕಾಲರಿನ ಒಳಗೆ ಮಾತ್ರ ಬೆವರಿನ ಕಂದು ಗೆರೆ. ಜೇಬಿನಲ್ಲಿ ಸಿಟಿ ಬಸ್ಸಿನ ಟಿಕೆಟು, ನಿನ್ನೆಯ ತಾರೀಖಿನದು. ತೋಳಿನೊಳಗೆ ಕೈಯಿಟ್ಟಳು, ಬೆಚ್ಚಗಿತ್ತು.

ರಾಧಾಬಾಯಿ ದೇವರ ಮುಂದೆ ಕೂತು ಬತ್ತಿ ಹೊಸೆಯುತ್ತಿದ್ದರು. ಮುಕ್ತಾ ಕೋಟನ್ನು ಅವರ ಮಡಿಲಿಗೆ ಹಾಕಿದಳು. "ತಪ್ಪಾತ್ರಿ ಅತ್ತಿ. ಈಗರ ಹಚ್ರಿ."

ಅವರು ಬೆರಳಿಗೆ ಕುಂಕುಮ ತಗೊಂಡು ಕೋಟಿನ ಅಂಚು ಮಗುಚಿದರು, ಕಾಲರು ಸವರಿ ನೋಡಿದರು. ಆಮೇಲೆ ಕೋಟನ್ನು ಪಕ್ಕಕ್ಕೆ ಸರಿಸಿದರು.

"ಮೈಗೆ ಏರಿದ ಅರಿವಿಗೆ ಹಚ್ಚೂದಿಲ್ಲವ್ವಾ. ಅದು ಹೋತು ಬಿಡು. ನೀ ಇತ್ತ ಬಾ, ನಿನಗರ ಹಚ್ತೀನಿ."

ಸೊಸೆಯನ್ನು ಎದುರಿಗೆ ಕೂರಿಸಿ, ಬೆನ್ನು ತಿರುಗಿಸಿ, ಕೂದಲು ಎತ್ತಿದರು. ಕುಂಕುಮದ ಬೆರಳು ಕತ್ತಿನ ಹತ್ತಿರ ಬಂದು ನಿಂತುಬಿಟ್ಟಿತು.

"ಮೊದಲ ಖರೇ ಹೇಳು, ನೀ ಮುಕ್ತಾನ ಹೌದಲ್ಲ?" ಎಂದರು ರಾಧಾಬಾಯಿ ಸಣ್ಣ ದನಿಯಲ್ಲಿ. "ನಿನ್ನೆ ಸಂಜೀಕ ನಿನಗ ಎರಡು ಸಲ ಬಾಗಲಾ ತಗದೀನಿ. ನಡುವ ಕೊತಂಬರಿ ತರ್ಲಿಕ್ಕೆ ಕೆಳಗ ಇಳದಿರಬೇಕು ಅಂತ ಸುಮ್ಮನಿದ್ದೆ. ಆದರ ನೀ ಹೊರಗ ಹೋದದ್ದು ನಾ ನೋಡೇ ಇಲ್ಲ."